ಮೇಲಿನ ಕುರ್ಚಿ ಸಿಕ್ತು, ಈಗೇನು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇದ್ವು. ದೊಡ್ಡ ಕಂಪನಿ ನಡೆಸೋರ ಅಭ್ಯಾಸ ಏನು, ಅವರ ಯೋಚನೆ ಹೇಗಿರತ್ತೆ, ನಾವು ಅದನ್ನ ಬೆಳೆಸಿಕೊಳ್ಳೋದು ಹೇಗೆ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೀವಿ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದೀವಿ.

ಪೀಣ್ಯದಲ್ಲಿ ಆಟೋ ಪಾರ್ಟ್ಸ್ ಮಾಡೋ ಕಂಪನಿಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ, ಈಗ ಜನರಲ್ ಮ್ಯಾನೇಜರ್ ಮಾಡಿದಾರೆ. ವಿಡಿಯೋ ನೋಡಿ ಬೆಳಗ್ಗೆ ನಾಲ್ಕೂವರೆಗೆ ಏಳೋದು, ತಣ್ಣೀರು ಸ್ನಾನ, ಧ್ಯಾನ, ಡೈರಿ ಎಲ್ಲಾ ಶುರು ಮಾಡ್ದೆ. ಆದ್ರೂ ಆಫೀಸಿಗೆ ಹೋದ್ಮೇಲೆ ದಿನ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಎಲ್ಲಿ ಎಡವ್ತಿದೀನಿ? (ಬೆಂಗಳೂರು)

ಧ್ಯಾನ ಒಳ್ಳೇದೇ, ಬಿಡ್ಬೇಡಿ. ಆದ್ರೆ ನಾಲ್ಕೂವರೆಗೆ ಏಳೋಕೆ ಅಂತ ಐದು ಗಂಟೆ ಮಾತ್ರ ನಿದ್ದೆ ಮಾಡ್ತಿದ್ರೆ ಇವತ್ತೇ ನಿಲ್ಸಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ ಇಬ್ಬರೂ ಸೇರಿ ದೊಡ್ಡ ಕಂಪನಿಗಳ 27 ಸಿಇಓಗಳ ದಿನಚರಿನ ತಲಾ 13 ವಾರ, ರಾತ್ರಿ ಹಗಲು, ಭಾನುವಾರನೂ ಬಿಡದೆ ದಾಖಲೆ ಮಾಡಿಸಿದ್ರು, 2018ರಲ್ಲಿ ಅದು ಪ್ರಕಟ ಆಯ್ತು. ಅದರ ಪ್ರಕಾರ ಇವರೆಲ್ಲಾ ಸರಾಸರಿ ರಾತ್ರಿಗೆ 6.9 ಗಂಟೆ ನಿದ್ದೆ ಮಾಡ್ತಾರೆ, ದಿನಕ್ಕೆ ಸುಮಾರು 45 ನಿಮಿಷ ವ್ಯಾಯಾಮ ಮಾಡ್ತಾರೆ. ಅಂದ್ರೆ ನಿದ್ದೆಗೆಟ್ಟು ಯಾರೂ ಮೇಲೆ ಬಂದಿಲ್ಲ ಅಂತಲ್ಲ, ಆದ್ರೆ ಮೇಲೆ ಕೂತವರಲ್ಲಿ ಹೆಚ್ಚಿನವರು ನಿದ್ದೆ ಕಳ್ಕೊಂಡು ಆ ಕೆಲಸ ಮಾಡ್ತಿಲ್ಲ.

ಅದೇ ಅಧ್ಯಯನದಲ್ಲಿ ನಿಮಗೆ ಬೇಕಾದ ವಿಷಯ ಬೇರೆ ಇದೆ. ವಾರಕ್ಕೆ 62.5 ಗಂಟೆ ಕೆಲಸ, ಅದರಲ್ಲಿ ನೂರಕ್ಕೆ 72 ಭಾಗ ಮೀಟಿಂಗ್‌ಗಳಿಗೇ ಹೋಗತ್ತೆ, ಇನ್ನೊಂದು ಥರ ಲೆಕ್ಕ ಹಾಕಿದ್ರೆ ಆ ಒಟ್ಟು ಸಮಯದಲ್ಲೇ ನೂರಕ್ಕೆ 36 ಭಾಗ ತಾನಾಗೇ ಬಂದು ಮೈಮೇಲೆ ಬಿದ್ದ ವಿಷಯಗಳಿಗೆ ಹೋಗತ್ತೆ. ಅವರಿಗೂ ಅಷ್ಟೇ! ಇನ್ನೂ ಹಿಂದೆ, 1973ರಲ್ಲಿ, ಹೆನ್ರಿ ಮಿಂಟ್ಸ್‌ಬರ್ಗ್ ಅನ್ನೋರು ಐದು ಜನ ಮುಖ್ಯ ಅಧಿಕಾರಿಗಳ ಬೆನ್ನ ಹಿಂದೆ ನಿಂತು ನೋಡಿ ಬರೆದಿದ್ರು, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷನೂ ನಡೀತಿರ್ಲಿಲ್ಲ ಅಂತ. ಹಾಗಾಗಿ ದಿನ ತುಂಡು ತುಂಡಾಗೋದು ನಿಮ್ಮ ದೌರ್ಬಲ್ಯ ಅಲ್ಲ, ಆ ಕುರ್ಚಿಯ ಗುಣವೇ ಹಾಗೆ. ಹಾಗಿರೋದ್ರಿಂದಲೇ ಸಮಯನ ಮೊದಲೇ ಹಿಡಿದಿಡಬೇಕು, ಉಳಿದ ಟೈಮಲ್ಲಿ ಮುಖ್ಯವಾದದ್ದು ಮಾಡ್ತೀನಿ ಅಂದ್ರೆ ಉಳಿಯೋದೇ ಇಲ್ಲ.

ಒಂದು ಕೆಲಸ ಮಾಡಿ. ಕಳೆದ ಎರಡು ವಾರದ ಕ್ಯಾಲೆಂಡರ್ ಪ್ರಿಂಟ್ ತಗೊಳ್ಳಿ, ಅದರಲ್ಲಿಲ್ಲದ್ದನ್ನ ನೆನಪು ಮಾಡ್ಕೊಂಡು ಪೆನ್ನಲ್ಲಿ ಬರೀರಿ. ಪ್ರತಿ ಗಂಟೆಗೂ ಒಂದು ಗುರುತು ಹಾಕ್ತಾ ಹೋಗಿ: ಇದು ಜನರಲ್ ಮ್ಯಾನೇಜರ್ ಮಾತ್ರ ಮಾಡ್ಬೇಕಾದ ಕೆಲಸನಾ, ಇಲ್ಲಾ ಪ್ರೊಡಕ್ಷನ್ ಮ್ಯಾನೇಜರ್ ಮಾಡಬಹುದಾಗಿತ್ತಾ? ನನ್ನ ಅಂದಾಜು ಏನಂದ್ರೆ ನೀವು ಈಗ್ಲೂ ಅರ್ಧ ದಿನ ಲೈನ್ ಮೇಲೇ ಇರ್ತೀರ, ಯಾಕಂದ್ರೆ ಅಲ್ಲಿ ನಿಮಗೆ ಎಲ್ಲಾ ಗೊತ್ತು, ಮಷೀನ್ ನಿಂತ್ರೆ ಸೌಂಡಲ್ಲೇ ಕಂಡುಹಿಡೀತೀರ, ಹುಡುಗರು ಸಾರ್ ಸಾರ್ ಅಂತಾರೆ, ಮನಸ್ಸಿಗೆ ಹಿತವಾಗಿರತ್ತೆ. ಆದ್ರೆ ಒಂದೇ ಗಿರಾಕಿಯಿಂದ ಕಂಪನಿಯ ಎಷ್ಟು ಆರ್ಡರ್ ಬರ್ತಿದೆ, ಆ ಗಿರಾಕಿ ನಾಳೆ ಎಲೆಕ್ಟ್ರಿಕ್ ಗಾಡಿ ಕಡೆ ಹೋದ್ರೆ ನೀವು ಮಾಡೋ ಪಾರ್ಟು ಬೇಕಾಗತ್ತಾ ಇಲ್ವಾ, ನಿಮ್ಮ ಹಳೇ ಸೀಟಲ್ಲಿ ಕೂತವನಿಗೆ ಯಾವ ಟ್ರೈನಿಂಗ್ ಕಮ್ಮಿ ಇದೆ, ಮುಂದಿನ ವರ್ಷ ಯಾವ ಮಷೀನಿಗೆ ದುಡ್ಡು ಹಾಕ್ಬೇಕು, ಇವನ್ನ ಯೋಚನೆ ಮಾಡೋಕೆ ಇಡೀ ಫ್ಯಾಕ್ಟರಿಲಿ ನಿಮ್ಮನ್ನ ಬಿಟ್ರೆ ಬೇರೆ ಯಾರೂ ಇಲ್ಲ. ವಾರಕ್ಕೆ ಎರಡು ಸಲ ಒಂದೂವರೆ ಗಂಟೆ ಇದಕ್ಕೆ ಮೀಸಲಿಡಿ, ಬಾಗಿಲು ಹಾಕಿ, ಫೋನ್ ಹೊರಗಿಡಿ. ಯಾವ ವಾರ ಆ ಎರಡು ಸಲನೂ ತಪ್ಪಿತೋ, ಯಾವುದಕ್ಕೋಸ್ಕರ ತಪ್ಪಿತು ಅಂತ ಡೈರಿಲಿ ಬರೀರಿ. ಡೈರಿ ಇಡೋದಾದ್ರೆ ಅದಕ್ಕೆ ಇಡಿ.

ಗೋಕುಲ ರೋಡಲ್ಲಿ ನಮ್ಮಪ್ಪ ಕಟ್ಟಿದ ಕೃಷಿ ಯಂತ್ರದ ಘಟಕ ಇದೆ, ಈಗ ನಾನು ನೋಡ್ಕೊತೀನಿ. ನನ್ನ ಮಂದಿ ಒಳ್ಳೆಯವರೇ, ಆದ್ರ ಯಾವ ಸಮಸ್ಯೆನೂ ಕೈ ಮೀರೋವರೆಗೂ ನನ್ನ ಹತ್ರ ತರೋದಿಲ್ಲ. ಎಲ್ಲಾ ಸರಿ ಐತ್ರಿ ಅಂತಾರ. (ಹುಬ್ಬಳ್ಳಿ)

ನನ್ನ ಕೇಳಿದ್ರೆ ಈ ಸಲದ ಪತ್ರಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೇಲಿದ್ದವನಿಗೆ ಬುದ್ಧಿ ಕಮ್ಮಿ ಆಗಿ ಕಂಪನಿ ಕೆಡೋದು ಕಮ್ಮಿ, ಸುದ್ದಿ ಮುಟ್ಟದೆ ಕೆಡೋದೇ ಜಾಸ್ತಿ.

ಅಮೆರಿಕದ ಅಲ್ಕೋವಾ ಅನ್ನೋ ಅಲ್ಯೂಮಿನಿಯಂ ಕಂಪನಿ ಕಥೆ ಹೇಳ್ತೀನಿ. 1987ರಲ್ಲಿ ಪಾಲ್ ಓ'ನೀಲ್ ಅದರ ಮುಖ್ಯಸ್ಥರಾದ್ರು. ಷೇರುದಾರರ, ವಿಶ್ಲೇಷಕರ ಮುಂದೆ ಮೊದಲ ಭಾಷಣ, ಎಲ್ಲರೂ ಲಾಭ, ಖರ್ಚು, ಮಾರ್ಕೆಟ್ ಅಂತ ಕೇಳೋಕೆ ಕೂತಿದ್ರೆ ಇವರು ಕಾರ್ಮಿಕರ ಸುರಕ್ಷತೆ ಬಗ್ಗೆ ಮಾತಾಡಿದ್ರು, ನಮ್ಮ ಕಂಪನಿಲಿ ಯಾರಿಗೂ ಗಾಯ ಆಗಬಾರದು, ಅದೇ ನನ್ನ ಗುರಿ ಅಂದ್ರು. ಕೆಲವರು ಹೊರಗೆ ಬಂದು ಈ ಮನುಷ್ಯ ಕಂಪನಿ ಮುಳುಗಿಸ್ತಾನೆ, ಷೇರು ಮಾರಿ ಅಂತ ಫೋನ್ ಮಾಡಿದ್ರಂತೆ. ಆಮೇಲೆ ಕೆಲವೇ ತಿಂಗಳಲ್ಲಿ ಒಂದು ಘಟಕದಲ್ಲಿ ಎಳೇ ವಯಸ್ಸಿನ ಕಾರ್ಮಿಕ ಯಂತ್ರಕ್ಕೆ ಸಿಕ್ಕಿ ತೀರ್ಕೊಂಡಾಗ ಓ'ನೀಲ್ ಹಿರಿಯ ಅಧಿಕಾರಿಗಳನ್ನೆಲ್ಲಾ ಕೂರಿಸಿ, ಈ ಹುಡುಗನನ್ನ ಕೊಂದಿದ್ದು ನಾವು, ನನ್ನ ನಾಯಕತ್ವ ಸೋತಿದೆ ಅಂತ ನೇರವಾಗಿ ಹೇಳಿದ್ರು.

ಅವರು ಮಾಡಿದ ನಿಯಮ ಬಹಳ ಸರಳ. ಎಲ್ಲೇ ಯಾರಿಗೇ ಗಾಯ ಆದ್ರೂ ಆ ವಿಭಾಗದ ಮುಖ್ಯಸ್ಥ 24 ಗಂಟೆ ಒಳಗೆ ಖುದ್ದಾಗಿ ತನಗೆ ಹೇಳ್ಬೇಕು, ಜೊತೆಗೆ ಮತ್ತೆ ಹಾಗಾಗದಂಗೆ ಏನು ಮಾಡ್ತೀವಿ ಅಂತಾನೂ ಹೇಳ್ಬೇಕು. ಈಗ ಯೋಚನೆ ಮಾಡಿ, ವಿಭಾಗದ ಮುಖ್ಯಸ್ಥನಿಗೆ 24 ಗಂಟೇಲಿ ಗೊತ್ತಾಗ್ಬೇಕು ಅಂದ್ರೆ ಘಟಕದ ಮ್ಯಾನೇಜರ್ ಅವನಿಗೆ ತಕ್ಷಣ ಹೇಳ್ಬೇಕು, ಮ್ಯಾನೇಜರ್‌ಗೆ ಸೂಪರ್‌ವೈಸರ್ ಹೇಳ್ಬೇಕು, ಸೂಪರ್‌ವೈಸರ್‌ಗೆ ಕೆಲಸಗಾರ ಹೆದರದೆ ಬಂದು ಹೇಳ್ಬೇಕು. ಗಾಯದ ಸುದ್ದಿಗೆ ಅಂತ ತೆರೆದ ದಾರಿಲಿ ಕ್ರಮೇಣ ಬೇರೆ ಸುದ್ದಿಗಳೂ ಬರೋಕೆ ಶುರುವಾದ್ವು. ಕಾರ್ಮಿಕರಿಗೆ ತನ್ನ ಮನೆ ಫೋನ್ ನಂಬರನ್ನೂ ಕೊಟ್ಟಿದ್ರು ಓ'ನೀಲ್, ಸುರಕ್ಷತೆ ವಿಷಯ ನಿಮ್ಮ ಮ್ಯಾನೇಜರ್ ಕೇಳದೇ ಇದ್ರೆ ನನಗೇ ಫೋನ್ ಮಾಡಿ ಅಂತ. ಜನ ಫೋನ್ ಮಾಡಿದ್ದು ಸುರಕ್ಷತೆಗಷ್ಟೇ ಅಲ್ಲ, ಕೆಲಸ ಹೇಗೆ ಸುಧಾರಿಸಬಹುದು ಅನ್ನೋ ತಮ್ಮ ಐಡಿಯಾಗಳನ್ನ ಹೇಳೋಕೂ ಮಾಡಿದ್ರು. ಗಾಯದಿಂದ ಕೆಲಸ ತಪ್ಪೋ ಪ್ರಮಾಣ ನೂರು ಕಾರ್ಮಿಕರಿಗೆ 1.86 ಇದ್ದದ್ದು 0.2ಕ್ಕೆ ಇಳೀತು, ಕಂಪನಿಯ ಮಾರುಕಟ್ಟೆ ಬೆಲೆ ಸುಮಾರು 3 ಬಿಲಿಯನ್ ಡಾಲರ್ ಇದ್ದದ್ದು 2000ದ ಹೊತ್ತಿಗೆ 27 ಬಿಲಿಯನ್ ದಾಟಿತು. ಮುಂದಿನ ವರ್ಷ ಅವರು ಅಮೆರಿಕದ ಖಜಾನೆ ಕಾರ್ಯದರ್ಶಿ ಆದ್ರು. ನಡುವೆ ಮೆಕ್ಸಿಕೋದ ಘಟಕದಲ್ಲಿ ವಿಷಗಾಳಿ ಸೋರಿ ಕಾರ್ಮಿಕರಿಗೆ ಹುಷಾರು ತಪ್ಪಿದ್ದನ್ನ ಮೇಲೆ ತಿಳಿಸದ ಹಿರಿಯ ಅಧಿಕಾರಿನ, ಅವರು ಎಷ್ಟೇ ಲಾಭ ತಂದಿದ್ರೂ, ಕೆಲಸದಿಂದ ಕಳಿಸಿದ್ರು. ಸುದ್ದಿ ಮುಚ್ಚಿಡೋದಕ್ಕೆ ಇಲ್ಲಿ ಮಾಫಿ ಇಲ್ಲ ಅಂತ ಅವತ್ತು ಎಲ್ಲರಿಗೂ ಅರ್ಥ ಆಯ್ತು.

ಈಗ ನಿಮ್ಮ ಘಟಕಕ್ಕೆ ಬರೋಣ. ಕೆಟ್ಟ ಸುದ್ದಿ ಬಂದ ಮೊದಲ ಎರಡು ನಿಮಿಷ ನೀವು ಏನು ಮಾಡ್ತೀರ ಅಂತ ನಿಮ್ಮನ್ನ ನೀವೇ ಗಮನಿಸಿ. ವೆಲ್ಡಿಂಗ್ ಬಿಟ್ಟು ರೈತನ ಹೊಲದಲ್ಲಿ ಯಂತ್ರ ನಿಂತಿದೆ ಅಂತ ಹೇಳಿದ್ರೆ ಬಾಯಿಂದ ಬರೋ ಮೊದಲ ಪ್ರಶ್ನೆ "ಯಾರು ಮಾಡಿದ್ದು" ಅಂತ ಆದ್ರೆ ಮುಗೀತು, ಮುಂದಿನ ಸಲ ನಿಮಗೆ ಆ ಸುದ್ದಿ ರೈತನ ಬಾಯಿಂದಲೇ ಬರೋದು. ಮೊದಲು ರೈತನ ಕೆಲಸ ನಿಲ್ಲದಂಗೆ ಏನು ಮಾಡೋದು ಅಂತ ಕೇಳಿ, ಆಮೇಲೆ ಏನಾಯ್ತು ಅಂತ ಕೇಳಿ, ಯಾರು ಅನ್ನೋದು ಕೇಳದೇನೇ ಗೊತ್ತಾಗತ್ತೆ. ಹೇಳೋಕೆ ಬಂದವನಿಗೆ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳಿ, ಇದು ನಾಟಕ ಆಗಬಾರದು, ನಿಜವಾಗ್ಲೂ ನಿಮಗೆ ಉಪಕಾರ ಮಾಡಿದಾನೆ ಅವನು. ದಿನಾ ಬೆಳಗ್ಗೆ ಹತ್ತು ನಿಮಿಷ ನಿಂತುಕೊಂಡೇ ಸೇರಿ, ನಿನ್ನೆ ಏನು ಕೆಟ್ಟಿತು ಅಂತ ಮಾತ್ರ ಕೇಳಿ. ಏನೂ ಇಲ್ರಿ ಅಂದ್ರೆ ಹಾಗೇ ಬಿಡಬೇಡಿ, ನಿನ್ನೆ ರಿಪೇರಿಗೆ ವಾಪಸ್ ಬಂದ ಯಂತ್ರದ ಹತ್ರ ಹೋಗಿ ಅಲ್ಲೇ ನಿಂತು ಕೇಳಿ. ನಿಮ್ಮಪ್ಪನ ಕಾಲದಿಂದ ಇರೋ ಹಿರಿಯ ಕೆಲಸಗಾರರು ಯಜಮಾನರಿಗೆ ಎದುರು ಮಾತಾಡಬಾರದು ಅಂತ ಕಲಿತವರು, ಅವರು ಬಾಯಿ ಬಿಡೋಕೆ ತಿಂಗಳುಗಳೇ ಹಿಡೀಬಹುದು. ಅಲ್ಲಿವರೆಗೂ ನೀವು ಒಂದು ದಿನನೂ ಸಿಟ್ಟು ತೋರಿಸೋಹಂಗಿಲ್ಲ, ಕಷ್ಟ ಇದೆ, ಆದ್ರೆ ಇದಕ್ಕೆ ಅಡ್ಡದಾರಿ ಇಲ್ಲ.

ಐಟಿ ಕಂಪನಿಲಿ ಡೆಲಿವರಿ ಹೆಡ್ ಆಗಿದೀನಿ. ಬಾಸ್ ಯಾವಾಗ್ಲೂ ಸಿಇಓ ಥರ ಯೋಚನೆ ಮಾಡಿ ಅಂತಾರೆ. ನನಗೆ ಪೂರ್ತಿ ಡೇಟಾ ಇಲ್ದೆ ನಿರ್ಧಾರ ತಗೊಳ್ಳೋಕೆ ಭಯ. ತಗೊಂಡ್ರೆ ಜೋರು ಹೆಂಗಸು ಅಂತಾರೆ, ತಗೊಳ್ದೆ ಇದ್ರೆ ಸ್ಲೋ ಅಂತಾರೆ. (ಬೆಂಗಳೂರು)

ಜೋರು ಅನ್ನೋ ಮಾತು ನಿಮ್ಮ ಸಮಸ್ಯೆ ಅಲ್ಲ, ಅನ್ನೋರದ್ದು. ಕಿರಣ್ ಮಜುಂದಾರ್ ಶಾ 1978ರಲ್ಲಿ ಇದೇ ಬೆಂಗಳೂರಲ್ಲಿ ಹತ್ತು ಸಾವಿರ ರೂಪಾಯಿ ಇಟ್ಕೊಂಡು ಬಾಡಿಗೆ ಮನೆ ಗ್ಯಾರೇಜಲ್ಲಿ ಬಯೋಕಾನ್ ಶುರು ಮಾಡಿದಾಗ ಬ್ಯಾಂಕುಗಳು ಸಾಲ ಕೊಡೋಕೆ ಹಿಂದೆ ಮುಂದೆ ನೋಡಿದ್ವು, ಹೆಣ್ಣುಮಗಳ ಕೈಕೆಳಗೆ ಕೆಲಸಕ್ಕೆ ಸೇರೋಕೇ ಜನ ಹಿಂಜರಿದಿದ್ರು. ಅವರು ಜನರ ಅಭಿಪ್ರಾಯ ಬದಲಾಗ್ಲಿ ಅಂತ ಕಾಯ್ಲಿಲ್ಲ.

ನಿರ್ಧಾರದ ವಿಷಯಕ್ಕೆ ಬರ್ತೀನಿ. ಅಮೆಜಾನ್‌ನ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ ಪತ್ರಗಳಲ್ಲಿ ಎರಡು ಮಾತು ಹೇಳಿದಾರೆ, ಎರಡೂ ನಿಮಗೆ ಹೊಂದತ್ತೆ. ಒಂದು, ನಿರ್ಧಾರಗಳಲ್ಲಿ ಎರಡು ಥರ. ಒಳಗೆ ಹೋದ್ಮೇಲೆ ವಾಪಸ್ ಬರೋಕಾಗದ ಬಾಗಿಲು ಕೆಲವು, ಹೋಗಿ ನೋಡಿ ಸರಿ ಇಲ್ಲಾಂದ್ರೆ ವಾಪಸ್ ಬರಬಹುದಾದ ಬಾಗಿಲು ಬಹುಪಾಲು. ಇನ್ನೊಂದು, ಬೇಕು ಅನ್ಸೋ ಮಾಹಿತಿಲಿ ನೂರಕ್ಕೆ ಎಪ್ಪತ್ತರಷ್ಟು ಸಿಕ್ಕಿದ್ರೆ ಹೆಚ್ಚಿನ ನಿರ್ಧಾರಗಳನ್ನ ತಗೋಬಹುದು, ತೊಂಬತ್ತಕ್ಕೆ ಕಾದ್ರೆ ತಡ ಆಗಿರತ್ತೆ. ನಿಮ್ಮ ಪಟ್ಟಿ ನೋಡಿ, ಟೀಮಲ್ಲಿ ಯಾರು ಯಾವ ಮಾಡ್ಯೂಲ್ ತಗೋಬೇಕು, ರಿವ್ಯೂ ವಾರಕ್ಕೆ ಒಂದಾ ಎರಡಾ, ಇವೆಲ್ಲಾ ವಾಪಸ್ ಬರಬಹುದಾದವು, ಇದಕ್ಕೆ ಮೂರು ಮೀಟಿಂಗ್ ಬೇಡ. ದೊಡ್ಡ ಗಿರಾಕಿಗೆ ಐದು ವರ್ಷದ ಫಿಕ್ಸೆಡ್ ಬೆಲೆ ಒಪ್ಪಂದ ಬರೆದುಕೊಡೋದು, ಹಿರಿಯರೊಬ್ಬರನ್ನ ಕೆಲಸದಿಂದ ತೆಗೆಯೋದು, ಇಂಥವಕ್ಕೆ ನಿಮ್ಮ ಭಯ ಸರಿಯಾದ ಭಯವೇ, ಅಲ್ಲಿ ನಿಧಾನ ಮಾಡಿ.

ಇನ್ನೂ ಗಟ್ಟಿ ಉಪಾಯ ಇಂಟೆಲ್‌ನಿಂದ ಬರತ್ತೆ. 1968ರಲ್ಲಿ ಶುರುವಾದ ಆ ಕಂಪನಿ ಹೆಸರು ಮಾಡಿದ್ದೇ ಮೆಮೊರಿ ಚಿಪ್‌ಗಳಿಂದ. ಎಂಬತ್ತರ ದಶಕದಲ್ಲಿ ಜಪಾನಿನ ಕಂಪನಿಗಳು ಅದೇ ಚಿಪ್ಪನ್ನ ಒಳ್ಳೇ ಗುಣಮಟ್ಟದಲ್ಲಿ, ಕಡಿಮೆ ಬೆಲೆಗೆ ಕೊಡೋಕೆ ಶುರು ಮಾಡಿದ್ವು. ಒಂದು ವರ್ಷ ಹತ್ರ ಚರ್ಚೆ ಮೇಲೆ ಚರ್ಚೆ, ಯಾರಿಗೂ ಮನಸ್ಸಿಲ್ಲ. 1985ರಲ್ಲಿ ಒಂದಿನ ಕಂಪನಿಯ ಪ್ರೆಸಿಡೆಂಟ್ ಆಂಡಿ ಗ್ರೋವ್, ಸಿಇಓ ಆಗಿದ್ದ ಗಾರ್ಡನ್ ಮೂರ್ ಅವರನ್ನ ಕೇಳಿದ್ರು, ನಮ್ಮನ್ನ ಹೊರಗೆ ಹಾಕಿ ಬೋರ್ಡ್ ಹೊಸ ಸಿಇಓ ತಂದ್ರೆ ಅವರು ಏನು ಮಾಡ್ತಾರೆ? ಮೆಮೊರಿ ಬಿಟ್ಟುಬಿಡ್ತಾರೆ ಅಂದ್ರು ಮೂರ್. ಹಾಗಾದ್ರೆ ನಾವೇ ಹೊರಗೆ ಹೋಗಿ ಒಳಗೆ ಬಂದು ಅದನ್ನ ಯಾಕೆ ಮಾಡಬಾರದು ಅಂತ ಗ್ರೋವ್ ಕೇಳಿದ್ರು, ಮಾಡಿದ್ರು. 1986ರಲ್ಲಿ ಕಂಪನಿಗೆ ನಷ್ಟ ಆಯ್ತು, ಸಾವಿರಾರು ಜನ ಕೆಲಸ ಕಳ್ಕೊಂಡ್ರು, ಅದನ್ನ ಮರೆತು ಬರೀ ಗೆಲುವಿನ ಕಥೆ ಹೇಳೋದು ನನಗೆ ಇಷ್ಟ ಆಗಲ್ಲ. ಆದ್ರೆ ಪ್ರೊಸೆಸರ್ ಕಡೆ ತಿರುಗಿದ್ದಕ್ಕೇ ಇಂಟೆಲ್ ಉಳೀತು.

ನಿಮ್ಮ ಬಾಸ್ ಹೇಳೋ "ಸಿಇಓ ಥರ ಯೋಚನೆ" ಅಂದ್ರೆ ನನ್ನ ಪ್ರಕಾರ ಇದೇ, ನಾಳೆ ನನ್ನ ಸೀಟಿಗೆ ಹೊಸಬರು ಬಂದ್ರೆ, ಅವರಿಗೆ ನನ್ನ ಹಳೇ ಮಾತು, ಹಳೇ ಮುಲಾಜು ಯಾವುದೂ ಇಲ್ದೆ ಇದ್ರೆ, ಮೊದಲ ವಾರ ಏನು ಮಾಡ್ತಾರೆ ಅಂತ ಕೇಳ್ಕೊಳ್ಳೋದು. ಉತ್ತರ ಬಂದ್ಮೇಲೆ ಒಂದು ಪುಟ ಬರೀರಿ. ಏನು ನಿರ್ಧಾರ, ಯಾಕೆ, ಏನು ಕಂಡ್ರೆ ಬದಲಾಯಿಸ್ತೀನಿ, ತಾರೀಕು. ಆರು ತಿಂಗಳಾದ್ಮೇಲೆ ತೆಗೆದು ಓದಿ, ನೀವು ಯಾವ ವಿಷಯದಲ್ಲಿ ಅತಿ ಧೈರ್ಯ ಮಾಡ್ತೀರ, ಯಾವುದರಲ್ಲಿ ಸುಮ್ನೆ ಹೆದರ್ತೀರ ಅಂತ ನಿಮ್ಮ ಕೈಬರಹವೇ ಹೇಳತ್ತೆ.

ಯಾವ ಪುಸ್ತಕ ಓದ್ಲಿ? (ಶಿವಮೊಗ್ಗ)

ನಿಮ್ಮ ಕ್ಷೇತ್ರದಲ್ಲಿ ಷೇರುಪೇಟೇಲಿ ಇರೋ ಎರಡು ಮೂರು ಕಂಪನಿಗಳ ವಾರ್ಷಿಕ ವರದಿ ಓದಿ, ಕಂಪನಿ ವೆಬ್‌ಸೈಟಲ್ಲೇ ಪುಕ್ಕಟೆ ಸಿಗತ್ತೆ. ಒಂದೇ ಕಂಪನಿಯ ಐದು ವರ್ಷದ್ದು ಸಾಲಾಗಿ ಓದಿದ್ರೆ ಅಧ್ಯಕ್ಷರು ಆ ವರ್ಷ ಏನು ಮಾಡ್ತೀವಿ ಅಂದಿದ್ರು, ಮುಂದಿನ ವರ್ಷ ಏನಾಯ್ತು ಅಂತ ಹೋಲಿಸಿ ನೋಡಬಹುದು.

ಸೌಹಾರ್ದ ಸಹಕಾರಿ ಸಂಘದಲ್ಲಿ ಬ್ರಾಂಚ್ ಮ್ಯಾನೇಜರ್. ಓದಿದ್ದು ಕನ್ನಡ ಮಾಧ್ಯಮ, ಬಿಕಾಂ. ಎಂಬಿಎ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನಂಥವರಿಗೆ ಮೇಲಿನ ಹುದ್ದೆ ಸಿಕ್ಕೀತಾ? (ಕುಂದಾಪುರ)

ನಿಮ್ಮ ಜಿಲ್ಲೆಯದ್ದೇ ಉದಾಹರಣೆ ಇರುವಾಗ ದೂರ ಯಾಕೆ ಹೋಗ್ಲಿ. 1925ರಲ್ಲಿ ಉಡುಪಿಲಿ ಮೂರು ಜನ, ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದ್ರು, ಕೈಮಗ್ಗ ಕುಸಿದು ಕಷ್ಟಕ್ಕೆ ಬಿದ್ದ ನೇಕಾರರಿಗೆ ನೆರವಾಗೋಕೆ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು, 1969ರಲ್ಲಿ ರಾಷ್ಟ್ರೀಕರಣ ಆಯ್ತು, 2020ರಲ್ಲಿ ಕೆನರಾ ಬ್ಯಾಂಕಲ್ಲಿ ವಿಲೀನ ಆಯ್ತು. ಮೂವರಲ್ಲಿ ಒಬ್ಬರೂ ಬ್ಯಾಂಕಿಂಗ್ ಓದಿದವರಲ್ಲ. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದ್ರು, ಏಜೆಂಟ್ ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ಅಷ್ಟು ಸಣ್ಣ ಮೊತ್ತನೂ ಜಮಾ ತಗೊಂಡು ಬರೋದು. ಉಳಿದವರು ಬ್ಯಾಂಕಿಗೆ ಬಂದವರನ್ನ ನೋಡ್ತಾ ಕೂತಿದ್ದಾಗ ಇವರು ಬ್ಯಾಂಕಿಗೆ ಬರದೇ ಇರೋರು ಯಾರು, ಯಾಕೆ ಬರ್ತಿಲ್ಲ ಅಂತ ಕೇಳಿದ್ರು. ದಿನಗೂಲಿ ಮಾಡೋಳು ಕೆಲಸ ಬಿಟ್ಟು ಕ್ಯೂ ನಿಲ್ಲೋಕಾಗಲ್ಲ, ಎರಡಾಣೆ ಹಿಡ್ಕೊಂಡು ಕೌಂಟರ್ ಹತ್ರ ಹೋಗೋಕೆ ನಾಚಿಕೆ, ಅದು ಗೊತ್ತಾಗ್ಬೇಕು ಅಂದ್ರೆ ಅವಳ ಜೊತೆ ಮಾತಾಡಿರ್ಬೇಕು.

ಮೇಲೆ ಹೇಳಿದ ಹಾರ್ವರ್ಡ್ ಅಧ್ಯಯನದಲ್ಲಿ ಆ ಸಿಇಓಗಳು ಗಿರಾಕಿಗಳ ಜೊತೆ ಕಳೆದ ಸಮಯ ನೂರಕ್ಕೆ ಬರೀ 3 ಭಾಗ. ನಿಮಗೆ ಮೀನು ಮಾರೋರು, ಬೀಡಿ ಕಟ್ಟೋರು, ಗಲ್ಫಲ್ಲಿರೋ ಮಗನ ದುಡ್ಡಿಗೆ ಕಾಯೋ ಅಮ್ಮಂದಿರು ದಿನಾ ಎದುರಿಗೇ ಬರ್ತಾರೆ. ಇದು ಸಣ್ಣ ಅನುಕೂಲ ಅಲ್ಲ, ಕಳ್ಕೋಬೇಡಿ, ಪ್ರಮೋಷನ್ ಆದ್ಮೇಲೂ.

ಆದ್ರೆ ಸುಮ್ನೆ ಸಮಾಧಾನ ಹೇಳೋಕೆ ನನಗಿಷ್ಟ ಇಲ್ಲ, ಕಲೀಬೇಕಾದ್ದು ಇದೆ. ಲೆಕ್ಕಪತ್ರ ಓದೋದು ಬರ್ಬೇಕು, ಲಾಭ ಇದ್ದೂ ಕೈಯಲ್ಲಿ ನಗದು ಯಾಕಿಲ್ಲ ಅಂತ ಬ್ಯಾಲೆನ್ಸ್ ಶೀಟ್ ನೋಡಿ ಹೇಳೋಕೆ ಬರ್ಬೇಕು. ಯಾವ ಸಾಲ ಮುಂದೆ ಸುಸ್ತಿ ಆಗತ್ತೆ ಅಂತ ಮೂರು ತಿಂಗಳು ಮೊದಲೇ ಗೊತ್ತಾಗೋ ಲಕ್ಷಣಗಳನ್ನ ನಿಮ್ಮದೇ ಬ್ರಾಂಚಿನ ಹಳೇ ಫೈಲುಗಳಿಂದ ಹೆಕ್ಕಿ ಬರೀರಿ, ಆಡಳಿತ ಮಂಡಳಿ ಮುಂದೆ ಇಡಿ. ಇಂಗ್ಲಿಷ್ ಇದರ ಜೊತೆಗೇ ಬರತ್ತೆ, ಯಾಕಂದ್ರೆ ಆ ಪದಗಳನ್ನೆಲ್ಲಾ ನೀವು ಈಗಾಗ್ಲೇ ದಿನಾ ಬಳಸ್ತಿದೀರ. ನಿಮ್ಮ ಪಕ್ಕದ ಮಣಿಪಾಲದಲ್ಲೇ ಎಂಜಿನಿಯರಿಂಗ್ ಓದಿ ಹೋದ ಸತ್ಯ ನಾದೆಲ್ಲಾ 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾದಾಗ ಅಲ್ಲಿನ ಘಟಾನುಘಟಿಗಳಿಗೆ ಪದೇ ಪದೇ ಹೇಳಿದ್ದು ಒಂದೇ, ಎಲ್ಲಾ ಗೊತ್ತು ಅನ್ನೋರಾಗಬೇಡಿ, ಎಲ್ಲಾ ಕಲೀತೀನಿ ಅನ್ನೋರಾಗಿ ಅಂತ.

ದುಬೈಯಲ್ಲಿ ಕನ್‌ಸ್ಟ್ರಕ್ಷನ್ ಪ್ರಾಜೆಕ್ಟ್ ಡೈರೆಕ್ಟರ್. ಮಗಳ ಪಿಯು ಮುಗಿಯೋದು ಗೊತ್ತೇ ಆಗ್ಲಿಲ್ಲ. ಮೇಲೆ ಹೋಗ್ಬೇಕಂದ್ರೆ ಮನೆ ಬಿಡಲೇಬೇಕಾ?

ಇಲ್ಲ. ನಿಮ್ಮದೇ ಕ್ಷೇತ್ರದ ಇ. ಶ್ರೀಧರನ್ ಅವರನ್ನ ನೋಡಿ. ಮಂಗಳೂರಿಂದ ಮುಂಬೈ ಕಡೆ ಹೋಗೋ ಕೊಂಕಣ ರೈಲಲ್ಲಿ ಹೊನ್ನಾವರದ ಶರಾವತಿ ಸೇತುವೆ ದಾಟಿರ್ತೀರ, ಎರಡು ಕಿಲೋಮೀಟರಿಗೂ ಉದ್ದ ಇದೆ, ಅಂಥ ಸೇತುವೆಗಳು, ಸುರಂಗಗಳು ತುಂಬಿರೋ ಆ ದಾರಿ ಅವರ ನೇತೃತ್ವದಲ್ಲಿ ಶುರುವಾಗಿದ್ದು 1990ರಲ್ಲಿ, ಪೂರ್ತಿ ತೆರೆದಿದ್ದು 1998ರಲ್ಲಿ. ಆಮೇಲೆ ದೆಹಲಿ ಮೆಟ್ರೋ. ಗಡುವಿಗೆ ಎಷ್ಟು ದಿನ ಉಳಿದಿದೆ ಅಂತ ತೋರಿಸೋ ಹಿಮ್ಮುಖ ಗಡಿಯಾರನ ಎಲ್ಲಾ ಕಡೆ ಹಾಕಿಸಿದ್ರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ತಿದ್ರು, ಫೈಲ್ ಮನೆಗೆ ಒಯ್ತಿರ್ಲಿಲ್ಲ. ಅದು ಹೇಗೆ ಸಾಧ್ಯ ಆಯ್ತು ಅಂದ್ರೆ ನಿರ್ಧಾರ ತಗೊಳ್ಳೋ ಅಧಿಕಾರನ ಕೆಳಗೆ ಕೊಟ್ಟಿದ್ರು, ಒಂದು ಸಣ್ಣ ಒಪ್ಪಿಗೆಗೆ ಹತ್ತು ಮೇಜು ದಾಟೋ ಪದ್ಧತಿನೇ ಇಟ್ಕೊಳ್ಳಲಿಲ್ಲ. ನೀವು ರಾತ್ರಿ ಹತ್ತರವರೆಗೂ ಸೈಟಲ್ಲಿ ಇರ್ತೀರ ಅಂದ್ರೆ ನಿಮ್ಮ ಸಹಿಗೆ ಕಾಯ್ತಿರೋ ಕಾಗದಗಳಲ್ಲಿ ಎಷ್ಟಕ್ಕೆ ನಿಮ್ಮ ಸಹಿ ನಿಜವಾಗ್ಲೂ ಬೇಕು ಅಂತ ನೋಡಿ. ಮಗಳಿಗೆ ಇವತ್ತೇ ಫೋನ್ ಮಾಡಿ, ಡಿಗ್ರಿ ಇನ್ನೂ ಬಾಕಿ ಇದೆಯಲ್ಲ.

ನಮ್ಮದು ಜವಳಿ ವ್ಯಾಪಾರ, ನಾಲ್ಕು ಮಳಿಗೆ. ನಾನು ಮೂರು ದಿನ ಊರಿಗೆ ಹೋದ್ರೆ ಎಲ್ಲಾ ನಿಂತೋಗತ್ತೆ. (ದಾವಣಗೆರೆ)

ಹಾಗೆ ಹೇಳುವಾಗ ಒಳಗೊಳಗೆ ಸ್ವಲ್ಪ ಖುಷಿ ಆಗತ್ತೆ ಅಲ್ವಾ, ಆಗೋದು ಸಹಜ. ಆದ್ರೆ ನೀವಿಲ್ದೆ ನಡೆಯದ ವ್ಯಾಪಾರನ ನಾಳೆ ಬ್ಯಾಂಕೂ ನಂಬಲ್ಲ, ಮಕ್ಕಳೂ ಮುಂದುವರಿಸಲ್ಲ. ಇನ್ಫೋಸಿಸ್‌ನಲ್ಲಿ ನಾರಾಯಣ ಮೂರ್ತಿ 1981ರಿಂದ ಮುಖ್ಯಸ್ಥರಾಗಿದ್ದು 2002ರಲ್ಲಿ ನಂದನ್ ನಿಲೇಕಣಿಗೆ ಬಿಟ್ಕೊಟ್ರು, 2007ರಲ್ಲಿ ಕ್ರಿಸ್ ಗೋಪಾಲಕೃಷ್ಣನ್, 2011ರಲ್ಲಿ ಶಿಬುಲಾಲ್ ಬಂದ್ರು. ಅಲ್ಲೂ ಸಲೀಸಾಗಿ ಆಗ್ಲಿಲ್ಲ, 2013ರಲ್ಲಿ ಮೂರ್ತಿಯವರು ವಾಪಸ್ ಬರ್ಬೇಕಾಯ್ತು, 2017ರಲ್ಲಿ ನಿಲೇಕಣಿ ವಾಪಸ್ ಬಂದ್ರು. ಅಷ್ಟು ದೊಡ್ಡ ಕಂಪನಿಗೇ ಇಷ್ಟು ಕಷ್ಟ ಇದೆ ಅಂದ್ರೆ ನೀವು ಅರವತ್ತಾದ್ಮೇಲೆ ಶುರು ಮಾಡ್ತೀನಿ ಅಂತ ಕೂರಬೇಡಿ.

ದೀಪಾವಳಿ ಸೀಸನ್ ಮುಗಿದ್ಮೇಲೆ ಹತ್ತು ದಿನ ಊರು ಬಿಟ್ಟು ಹೋಗಿ. ಹೋಗೋ ಮುಂಚೆ ನಾಲ್ಕೂ ಮಳಿಗೆಯವರಿಗೆ ಇಂತಿಷ್ಟು ರೂಪಾಯಿವರೆಗೆ ಡಿಸ್ಕೌಂಟ್, ಖರೀದಿ, ರಿಪೇರಿ ನೀವೇ ತೀರ್ಮಾನ ಮಾಡಿ ಅಂತ ಬರೆದುಕೊಡಿ. ಬಂದ್ಮೇಲೆ ಏನೇನು ನಿಂತಿತ್ತು ಅಂತ ಪಟ್ಟಿ ಮಾಡಿ, ಅದರಲ್ಲಿ ಪ್ರತಿಯೊಂದಕ್ಕೂ ಒಬ್ಬರ ಹೆಸರು ಬರೀರಿ, ನಿಮ್ಮ ಹೆಸರು ಬಿಟ್ಟು. ತಪ್ಪು ಮಾಡಿದವರನ್ನ ಬೈದು ಅಧಿಕಾರ ವಾಪಸ್ ಕಿತ್ಕೊಂಡ್ರೆ ಮಾತ್ರ ಎಲ್ಲಾ ಮೊದಲಿನ ಹಾಗೇ ಆಗತ್ತೆ, ಅದೊಂದು ಮಾಡ್ಬೇಡಿ. ಪಟ್ಟಿ ಏನಾಯ್ತು ಅಂತ ನಮಗೂ ಬರೀರಿ, ಮುಂದಿನ ಸಂಚಿಕೆಲಿ ಅದರ ಬಗ್ಗೆ ಮಾತಾಡೋಣ.